ಮರಕುಟಿಗಕ್ಕೆ ಬಿಟ್ಟ ಹದಿನಾಲ್ಕು ಕಾಂಡ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂಬುದನ್ನು ನಮ್ಮವರು ಮದುವೆಯಾದ ತಿಂಗಳಿಗೇ ಕಂಡುಕೊಂಡರು. ಸಿಟ್ಟಿಗಿಂತ ನನ್ನ ಆತುರ ಹೆಚ್ಚು ಅಪಾಯದ್ದು ಎಂದು ತಿಳಿಯಲು ಮಾತ್ರ ಒಂದು ಜೊತೆ ಮರಕುಟಿಗ ನಮ್ಮ ಮನೆಗೆ ಬರಬೇಕಾಯಿತು. ತಪ್ಪು ನನ್ನದೇ ಆದ್ದರಿಂದ ನಾನೇ ಹೇಳಿಬಿಡುತ್ತೇನೆ. ಬೇರೆಯವರು ಹೇಳಿದರೆ ಉಪ್ಪುಖಾರ ಜಾಸ್ತಿಯಾಗುತ್ತದೆ.

ಸುಂಟಿಕೊಪ್ಪ ದಾಟಿ ಮೇಲೆ ಬಂದರೆ ನಮ್ಮ ಎರಡೂವರೆ ಎಕರೆ ಅರೇಬಿಕಾ ಕಾಫಿ ತೋಟ. ತೋಟದ ತಲೆಯಲ್ಲೇ ಮನೆ. ನಮ್ಮವರ ಹಿರಿಯರು ಅರಕಲಗೂಡು ಕಡೆಯಿಂದ ಬಂದು ಕುಶಾಲನಗರದ ಹತ್ತಿರ ರಾಗಿ, ಶುಂಠಿ ಬೆಳೆದುಕೊಂಡಿದ್ದವರು. ಕಾಫಿಯ ಗಂಧವೇ ಇಲ್ಲದ ಆ ಮನೆಗೆ ಕಾಫಿ ತಂದವರು ನನ್ನ ಅತ್ತೆ ಸಿದ್ದಮ್ಮ. ಇಪ್ಪತ್ತೆರಡು ವರ್ಷದ ಹಿಂದೆ ಈ ಗುಡ್ಡ ಕೊಂಡಾಗ ಒಂದೊಂದು ಗುಂಡಿಗೂ ತಾವೇ ಬಗ್ಗಿ ಸಸಿ ಇಟ್ಟವರು. ಯಾವ ಸಾಲಿನ ಎಷ್ಟನೆಯ ಗಿಡ ಹೋದ ವರ್ಷ ಕಡಿಮೆ ಕಾಯಿ ಬಿಟ್ಟಿತು ಎಂದು ಕೇಳಿದರೆ ಯೋಚಿಸದೆ ಹೇಳುತ್ತಾರೆ. ನನ್ನ ಹುಟ್ಟಿದ ದಿನ ಅವರಿಗೆ ಒಮ್ಮೆಯೂ ನೆನಪಿರುವುದಿಲ್ಲ.

ಅರೇಬಿಕಾ ಬೆಳೆಯುವವರಿಗೆ ಕಾಂಡಕೊರಕ ಅಂದರೆ ಯಮ. ಬೆರಳಿನ ಉಗುರಿನಷ್ಟು ಉದ್ದದ ಒಂದು ಕಪ್ಪು ದುಂಬಿ, ಮೈಮೇಲೆ ಬಿಳಿ ಪಟ್ಟೆ. ಅದು ಗಿಡದ ತೊಗಟೆಯ ಬಿರುಕಿನಲ್ಲಿ ಮೊಟ್ಟೆ ಇಡುತ್ತದೆ, ಮೊಟ್ಟೆಯೊಡೆದು ಬಂದ ಹುಳ ಕಾಂಡದೊಳಗೆ ಸುರಂಗ ಕೊರೆಯುತ್ತದೆ. ಒಳಗೆ ಸೇರಿದ ಮೇಲೆ ಯಾವ ಔಷಧಿಯೂ ತಾಗುವುದಿಲ್ಲ. ಹುಳ ಬಿದ್ದ ಗಿಡವನ್ನು ಬೇರು ಸಮೇತ ಕಿತ್ತು ಸುಡುವುದೊಂದೇ ದಾರಿ. ಈ ಜನವರಿಯಲ್ಲಿ ಕೊಯ್ಲು ಮುಗಿಸಿ ನೋಡಿದರೆ ನಮ್ಮ ತೋಟದಲ್ಲಿ ನೂರಾ ಎಪ್ಪತ್ತು ಗಿಡ ಕೀಳಬೇಕಾಯಿತು. ನಮ್ಮವರು, ಅಂದರೆ ಮಹೇಶ್, ಊಟಕ್ಕೆ ಕುಳಿತಾಗ ಹೇಳಿಬಿಟ್ಟರು: "ಇನ್ನೊಂದ್ ವರ್ಷ ನೋಡ್ತೀನವ್ವ. ಮತ್ತೆ ಹುಳ ಬಿದ್ರೆ ಅರೇಬಿಕಾ ಪೂರ್ತಿ ಕಿತ್ತು ಈ ಹುಳ ತಾಗ್ದಿರೋ ರೋಬಸ್ಟಾ ಹಾಕೋದೆ." ಅತ್ತೆ ಅರ್ಧ ಮುದ್ದೆ ತಟ್ಟೆಯಲ್ಲೇ ಬಿಟ್ಟು ಕೈ ತೊಳೆದುಕೊಂಡು ತೋಟಕ್ಕೆ ಇಳಿದರು. ಅನ್ನ ಬಿಡುವ ಹೆಂಗಸಲ್ಲ ಅವರು.

ನನ್ನ ತಪ್ಪು ಶುರುವಾಗುವುದು ಇದಾದ ವಾರಕ್ಕೆ. ಅಮ್ಮತ್ತಿಯಲ್ಲಿ ನಮ್ಮವರ ಸ್ನೇಹಿತರ ಮನೆಯ ಗೃಹಪ್ರವೇಶಕ್ಕೆ ಹೋಗಿದ್ದೆ. ಆ ಮನೆಯ ಮುಂಭಾಗದಲ್ಲಿ, ಇಳಿಜಾರು ಮಾಡಿನ ಕೆಳಗಿನ ತ್ರಿಕೋನಕ್ಕೆ, ಸಿಪ್ಪೆ ಸುಲಿದ ಕಾಫಿ ಕಾಂಡಗಳನ್ನು ಒತ್ತೊತ್ತಾಗಿ ನಿಲ್ಲಿಸಿ ಪಾಲಿಶ್ ಹೊಡೆದಿದ್ದರು. ಅಂಕುಡೊಂಕಿನ ಕಾಂಡಗಳು ಜೇನಿನ ಬಣ್ಣಕ್ಕೆ ಹೊಳೆಯುತ್ತಿದ್ದವು. ನಮ್ಮ ಮನೆಯ ಮುಂದಿನ ಹಲಗೆಗಳು ಲಡ್ಡಾಗಿದ್ದವು, ಮಳೆಗಾಲಕ್ಕೆ ಮುಂಚೆ ಬದಲಿಸಲೇಬೇಕಿತ್ತು. ನಮ್ಮಲ್ಲೇ ನೂರಾ ಎಪ್ಪತ್ತು ಕಾಂಡ ಸುಡುವುದಕ್ಕೆ ಬಿದ್ದಿರುವಾಗ ದುಡ್ಡು ಕೊಟ್ಟು ಹಲಗೆ ತರುವುದು ಯಾವ ಜಾಣತನ ಎಂದು ನನ್ನ ಬುದ್ಧಿ ಓಡಿತು.

ಹುಳದ ಕಾಂಡ ಸುಡಬೇಕು. ಸುಡದೆ ಇಟ್ಟುಕೊಳ್ಳಬೇಕೆಂದರೆ ಹತ್ತು ದಿನ ನೀರಿನಲ್ಲಿ ಪೂರ್ತಿ ಮುಳುಗಿಸಿಡಬೇಕು, ಒಳಗಿನ ಹುಳ ಸಾಯುತ್ತದೆ. ಇದು ಇಲ್ಲಿನ ಎಲ್ಲರಿಗೂ ಗೊತ್ತು, ನನಗೂ ಗೊತ್ತಿತ್ತು. ಒಳ್ಳೆಯ ನೂರಾ ನಲವತ್ತು ಕಾಂಡ ಆರಿಸಿ, ಸಿಪ್ಪೆ ಸುಲಿಸಿ, ಸೋಮವಾರ ಪಂಪಿನ ತೊಟ್ಟಿಗೆ ಹಾಕಿಸಿ ಮೇಲೆ ಕಲ್ಲು ಹೇರಿಸಿದೆ. ಬುಧವಾರ ಬಡಗಿ ಜಯಪ್ಪನ ಫೋನು ಬಂತು. "ಅಕ್ಕಾ, ಒಂದ್ ಕೆಲ್ಸ ಮುಂದಕ್ ಹೋಯ್ತು. ನಾಳೆ ಬಂದ್ರೆ ನಾಳೆ, ಇಲ್ಲಾಂದ್ರೆ ಶಿವರಾತ್ರಿ ಕಳೀಬೇಕು." ಆತುರಗಾರನಿಗೆ ಬುದ್ಧಿ ಮಟ್ಟ ಅನ್ನುತ್ತಾರೆ. ಆತುರಗಾರ್ತಿಗೆ ಅಷ್ಟೂ ಇರಲಿಲ್ಲ. ಗುರುವಾರ ಬೆಳಿಗ್ಗೆ ಕಾಂಡಗಳನ್ನು ತೊಟ್ಟಿಯಿಂದ ತೆಗೆಸಿದೆ. ಮೂರೇ ದಿನ. ಸಿಪ್ಪೆಯೇ ಹೋದ ಮೇಲೆ ಹುಳ ಎಲ್ಲಿಂದ ಉಳಿಯುತ್ತದೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಆಗ ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಅತ್ತೆ ನನ್ನ ನಾದಿನಿ ಕಾವ್ಯಶ್ರೀಯ ಬಾಣಂತನಕ್ಕೆಂದು ಹೆಬ್ಬಾಲೆಯಲ್ಲಿದ್ದರು. ನಮ್ಮವರು ಪಿಕಪ್‌ನಲ್ಲಿ ಶುಂಠಿ ಲೋಡು ಹಿಡಿದು ಹದಿನೈದು ದಿನ ಕೇರಳಕ್ಕೆ ಓಡಾಡುತ್ತಿದ್ದರು. ಜಯಪ್ಪ ನಡುವೆ ಒಂದು ದಪ್ಪ ಸಿಲ್ವರ್ ಓಕ್ ಕಂಬ ನಿಲ್ಲಿಸಿ, ಅದರ ಎರಡೂ ಕಡೆಗೆ ಕಾಂಡಗಳನ್ನು ಸಾಲಾಗಿ ಬಡಿದು ಚೆಂದ ಮಾಡಿಕೊಟ್ಟ. ನಮ್ಮವರು ಬಂದು "ಹತ್ತು ದಿನ ನೆನೆಸಿದ್ಯಾ?" ಎಂದು ಕೇಳಿದರು. "ಹ್ಞೂಂ" ಎಂದೆ. ಅತ್ತೆ ಊರಿನಿಂದ ಬಂದವರು ಅದನ್ನೇ ಕೇಳಿದರು, ಅವರಿಗೂ "ಹ್ಞೂಂ" ಎಂದೆ. ಅವರು ಕತ್ತೆತ್ತಿ ಬಹಳ ಹೊತ್ತು ನೋಡಿ, "ಚೆನ್ನಾಗದೆ ಕಣವ್ವ. ಸತ್ ಮೇಲೂ ನನ್ ಗಿಡ ಮನೆ ಮುಂದೇನೆ ಅವೆ" ಎಂದರು. ಆ ಮಾತು ಎದೆಗೆ ಚುಚ್ಚಿತು. ಆದರೂ ಬಾಯಿ ಬಿಡಲಿಲ್ಲ.

ಮಾರ್ಚ್ ಬಂತು, ಅದರ ಜೊತೆಗೆ ಮರಕುಟಿಗವೂ ಬಂತು. ಬಂಗಾರದ ಬೆನ್ನು, ತಲೆಯ ಮೇಲೆ ಕೆಂಪು ಜುಟ್ಟು. ನೋಡಲು ಮದುವಣಿಗನ ಹಾಗೆ, ಮಾಡುವುದು ಮಾತ್ರ ಕಳ್ಳನ ಕೆಲಸ. ಬೆಳಿಗ್ಗೆ ಆರಕ್ಕೆ ಶುರುವಾದರೆ ಟಕಟಕಟಕ ಎಂದು ನನ್ನ ಹೊಸ ಕಾಂಡಗಳನ್ನು ಕುಟ್ಟಿ ಕುಟ್ಟಿ ತೂತು ಮಾಡುತ್ತಿತ್ತು. ಪಾಲಿಶ್ ಹೊಡೆದ ಮೈಮೇಲೆಲ್ಲ ಸಿಡುಬಿನ ಕಲೆ. ಚಪ್ಪಾಳೆ ತಟ್ಟಿದೆ, ತಟ್ಟೆ ಬಡಿದೆ. ಹಳೆಯ ಸಿ.ಡಿ. ಕಟ್ಟಿ ತೂಗಿಬಿಟ್ಟರೆ ಅದರಲ್ಲಿ ಮುಖ ನೋಡಿಕೊಂಡು ಕುಟ್ಟಿತು. ವಾರ ಕಳೆಯುವುದರೊಳಗೆ ಹೆಣ್ಣು ಹಕ್ಕಿಯೂ ಬಂದು, ಎರಡೂ ಸೇರಿ ನಡುಗಂಬದಲ್ಲಿ ನಿಂಬೆಹಣ್ಣು ತೂರುವಷ್ಟು ದೊಡ್ಡ ತೂತು ಕೊರೆದವು. ಮಳೆ ಬಂದರೆ ಆ ತೂತಿನಿಂದ ನೀರು ನೇರ ಗೋಡೆಯೊಳಗೆ ಇಳಿಯುವಂತಿತ್ತು.

ನಮ್ಮ ಕಡೆ ಆನೆ ತೋಟಕ್ಕೆ ನುಗ್ಗಿದರೆ ಜನ ಅರಣ್ಯ ಇಲಾಖೆಗೆ ಫೋನ್ ಮಾಡಿ "ನಿಮ್ಮ ಆನೆ ಬಂದಿದೆ, ಓಡಿಸಿ" ಎನ್ನುವುದು ವಾಡಿಕೆ. ಆನೆಗಳೆಲ್ಲ ಇಲಾಖೆಯವರ ಕೊಟ್ಟಿಗೆಯಿಂದ ಹಗ್ಗ ಬಿಚ್ಚಿಕೊಂಡು ಬಂದ ಹಾಗೆ. ನಾನೂ ಅದೇ ಧಾಟಿಯಲ್ಲಿ ಫೋನ್ ಮಾಡಿ, "ನಿಮ್ಮ ಹಕ್ಕಿ ನಮ್ಮ ಮನೆ ತಿಂತಾ ಇದೆ, ಬಂದು ಹಿಡ್ಕೊಂಡು ಹೋಗಿ" ಎಂದು ಜೋರು ಮಾಡಿದೆ. ಮಧ್ಯಾಹ್ನವೇ ಸ್ಕೂಟರಿನಲ್ಲಿ ಒಬ್ಬಳು ಫಾರೆಸ್ಟ್ ಗಾರ್ಡ್ ಬಂದಳು. ಮೋನಿಷಾ ಎಂದು ಹೆಸರು, ಹುದಿಕೇರಿ ಕಡೆಯ ಹುಡುಗಿ. ಏಣಿ ಹತ್ತಿ, ಮೊಬೈಲನ್ನು ಕೋಲಿಗೆ ಕಟ್ಟಿ ತೂತಿನ ಬಾಯಿಗೆ ಹಿಡಿದು, ಇಳಿದು ಬಂದು ನನಗೆ ಫೋಟೋ ತೋರಿಸಿದಳು. ಕತ್ತಲೆಯ ತಳದಲ್ಲಿ ಮೂರು ಬಿಳಿ ಮೊಟ್ಟೆ.

"ಇನ್ನು ಇದನ್ನು ಮುಟ್ಲಿಕ್ಕೆ ಆಗೋದಿಲ್ಲ ಅಕ್ಕ" ಎಂದಳು. "ಮೊಟ್ಟೆ ಇರೋ ಗೂಡು ಕಿತ್ತರೆ ವನ್ಯಜೀವಿ ಕಾಯ್ದೆಯಲ್ಲಿ ಕೇಸು."

"ನಿಮ್ಮ ಹಕ್ಕಿ ನನ್ನ ಮನೆ ಒಡೆದ್ರೆ ಅದರ ಮೇಲೆ ಕೇಸಿಲ್ವಾ?"

ಅವಳು ನಕ್ಕಳು. "ಫೋನಲ್ಲಿ ನಮ್ಮ ಹಕ್ಕಿ ಅಂತ ನೀವೇ ಹೇಳಿದ್ರಲ್ಲ. ನಮ್ಮದು ಅಂತ ಆದ ಮೇಲೆ ನೀವು ಹೇಗೆ ಮುಟ್ತೀರಿ? ಮೊಟ್ಟೆ ಒಡೆದು ಮರಿ ಹಾರ್ಲಿಕ್ಕೆ ಒಂದು ತಿಂಗಳು, ಹೆಚ್ಚೆಂದ್ರೆ ಐದು ವಾರ. ಅಲ್ಲಿವರೆಗೆ ಕಂಬಕ್ಕೆ ಕೈ ಹಾಕ್ಬೇಡಿ. ದೂರದ ಕಾಂಡಗಳನ್ನು ಬೇಕಾದ್ರೆ ರಿಪೇರಿ ಮಾಡಿ, ಆದ್ರೆ ಸುತ್ತಿಗೆ ಸದ್ದು ಬೇಡ."

ನಾನಾಗಿಯೇ ಫೋನ್ ಮಾಡಿ ಕಾನೂನನ್ನು ಅಂಗಳಕ್ಕೆ ಕರೆಸಿಕೊಂಡಿದ್ದೆ. ಮಾಡಿದ್ದುಣ್ಣೋ ಮಹರಾಯ ಎಂದು ಅತ್ತೆ ಒಳಗಿನಿಂದ ಅಂದದ್ದು ಕೇಳಿಸಿತು.

ಕಾಫಿ ಅರಳಿಸುವ ಹೂಮಳೆ ಬಂದು ತೋಟವೆಲ್ಲ ಬೆಳ್ಳಗೆ ಅರಳಿ ಬಾಡಿತು. ಮೊಟ್ಟೆ ಒಡೆದು ಕಂಬದೊಳಗಿನಿಂದ ಸರಸರ ಎನ್ನುವ ಮರಿಗಳ ದನಿ ಶುರುವಾಯಿತು. ಏಪ್ರಿಲ್ ಮೊದಲ ವಾರದಲ್ಲಿ ಜಯಪ್ಪ ಬಂದ. ತಂದೆ ತಾಯಿ ಹಕ್ಕಿಗಳು ಆಹಾರಕ್ಕೆ ಹೋದಾಗ ಮಾತ್ರ, ತೀರಾ ಅಂಚಿನ ಕಾಂಡಗಳನ್ನು ಸುತ್ತಿಗೆ ಮುಟ್ಟದೆ ಮೀಟಿ ಮೀಟಿ ಬಿಡಿಸುತ್ತಿದ್ದ. ನಾನು ಅಕ್ಕಿ ಆರಿಸುತ್ತಾ ಜಗಲಿಯಲ್ಲಿ ಕುಳಿತಿದ್ದೆ.

"ಅಕ್ಕಾ, ಒಂಚೂರು ಬನ್ನಿ ಇಲ್ಲಿ" ಎಂದ ಅವನ ದನಿಯಲ್ಲಿ ಏನೋ ಇತ್ತು.

ಬಿಡಿಸಿದ ಕಾಂಡವನ್ನು ಅವನು ಉದ್ದಕ್ಕೆ ಸೀಳಿದ್ದ. ಒಳಗೆ ಸುರಂಗ. ಸುರಂಗದಲ್ಲಿ ಬೆಳ್ಳಗಿನ, ಕೊಬ್ಬಿದ ಹುಳ ಮೈ ಮುದುರಿತು. ಇನ್ನೊಂದು ಕಾಂಡ ಸೀಳಿದ. ಅದರಲ್ಲಿ ರೆಕ್ಕೆ ಮೂಡಿದ ದುಂಬಿಯೇ ಇತ್ತು, ಬಣ್ಣ ಕೂಡುವುದಷ್ಟೇ ಬಾಕಿ. ನನ್ನ ಕೈಯ ಮೊರ ಕೆಳಗೆ ಬಿತ್ತು. ಏಪ್ರಿಲ್ ನಡುವಿನಿಂದ ದುಂಬಿಗಳು ಹೊರಬಿದ್ದು ಹಾರುತ್ತವೆ, ಒಂದೊಂದು ಹೆಣ್ಣು ನೂರರ ಹತ್ತಿರ ಮೊಟ್ಟೆ ಇಡುತ್ತದೆ. ಅತ್ತೆಯ ಮೊದಲ ಸಾಲು ನಮ್ಮ ಅಂಗಳದಿಂದ ನಲವತ್ತು ಹೆಜ್ಜೆ. ತೋಟವಿಡೀ ಹುಡುಕಿ ಕಿತ್ತ ಶತ್ರುವನ್ನು ನಾನು ಪಾಲಿಶ್ ಹೊಡೆದು ಮನೆಯ ನೆತ್ತಿಯ ಮೇಲೆ ಕೂರಿಸಿದ್ದೆ. ಹಕ್ಕಿ ಮನೆ ತಿನ್ನುತ್ತಿರಲಿಲ್ಲ. ಒಂದು ತಿಂಗಳಿನಿಂದ ಅದು ಈ ಹುಳಗಳನ್ನು ಹೆಕ್ಕುತ್ತಿತ್ತು, ನಾನು ತಟ್ಟೆ ಬಡಿದು ಅದನ್ನು ಓಡಿಸುತ್ತಿದ್ದೆ. ಆ ಕ್ಷಣ ನನಗಾದಷ್ಟು ನಾಚಿಕೆ ಬೇರೆ ಯಾವಾಗಲೂ ಆಗಿಲ್ಲ.

ನಮ್ಮವರು ಬಂದು ನೋಡಿ ಕೆಂಡವಾದರು. ಸಿಟ್ಟು ನನ್ನ ಮೇಲಲ್ಲ. "ಹತ್ತು ದಿನ ನೆನೆಸಿದ್ರೆ ಸಾಯ್ತದೆ ಅಂತ ಹೇಳ್ಕೊಟ್ಟವರ ಬಾಯಿಗೆ ಮಣ್ಣಾಕ! ಎಲ್ಲಾ ಸುಳ್ಳು. ಈಗ್ಲೇ ಬೆಳೆಗಾರರ ಗ್ರೂಪಿಗೆ ಹಾಕ್ತೀನಿ, ಇನ್ಯಾರೂ ನಂಬ್ಬಾರ್ದು" ಎಂದು ಮೊಬೈಲ್ ತೆಗೆದರು. ಅತ್ತೆ ಸೀಳಿದ ಕಾಂಡವನ್ನು ಮೂಸಿದರು, ಬೆರಳಿನಿಂದ ಉಜ್ಜಿದರು. ಆಮೇಲೆ ಒಮ್ಮೆ ನನ್ನ ಮುಖ ನೋಡಿದರು.

"ಫೋನ್ ಮಡಗು ಮಹೇಶ. ಹೇಳ್ಕೊಟ್ಟವ್ರದ್ದು ತಪ್ಪಿಲ್ಲ. ನೆನೆದದ್ದು ಸಾಲ್ದು ಅಷ್ಟೇಯ" ಎಂದರು. ಮಗ ಪಿಕಪ್ ತೊಳೆಯಲು ಹೋದ ಮೇಲೆ ನನ್ನನ್ನು ಹಿತ್ತಿಲಿಗೆ ಕರೆದರು.

"ಎಷ್ಟ್ ದಿನ ಹಾಕಿದ್ದೆ? ದಿಟ ಹೇಳು."

"ಮೂರು, ಅತ್ತೆ."

ಅವರು ಬೈಯುತ್ತಾರೆ ಎಂದುಕೊಂಡೆ. ಬೈದಿದ್ದರೆ ಹಗುರವಾಗುತ್ತಿತ್ತು. ಅವರು ಒಳಗೆ ಹೋಗಿ, ಸುಣ್ಣದ ಚೀಲ ಎಳೆದು ತಂದು, ಎರಡು ಬ್ರಷ್ಷು ಬಕೆಟ್ಟಿಗೆ ಹಾಕಿದರು. ದುಂಬಿ ಸುಣ್ಣ ಬಳಿದ ಗಿಡದಲ್ಲಿ ಮೊಟ್ಟೆ ಇಡುವುದಿಲ್ಲ. ಇಪ್ಪತ್ತೈದು ಸಾಲುಗಳಲ್ಲಿ ಮೊದಲ ಸಾಲಿನ ಮೊದಲ ಗಿಡದ ಮುಂದೆ ನನ್ನನ್ನು ನಿಲ್ಲಿಸಿ, ತಾವು ಪಕ್ಕದ ಗಿಡಕ್ಕೆ ಹೋದರು. ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ.

ಆ ಎರಡು ದಿನದಲ್ಲಿ ಜಯಪ್ಪ ನೂರಾ ಇಪ್ಪತ್ತಾರು ಕಾಂಡ ಬಿಡಿಸಿದ. ನಾವು ಅವನ್ನು ಗುಂಡಿಯಲ್ಲಿ ಹಾಕಿ ಬೂದಿಯಾಗುವವರೆಗೆ ನಿಂತು ಸುಟ್ಟೆವು. ಉಳಿದದ್ದು ಕಂಬದ ಎಡಕ್ಕೆ ಏಳು, ಬಲಕ್ಕೆ ಏಳು. ಅವನ್ನು ಹಿಡಿದ ಅಡ್ಡಪಟ್ಟಿಯ ಮೊಳೆ ಕಂಬದೊಳಕ್ಕೇ ಇಳಿದಿತ್ತು. ಮೋನಿಷಾಳಿಗೆ ಫೋನ್ ಮಾಡಿದೆ. ಈ ಸಲ ಜೋರು ಇರಲಿಲ್ಲ. ಅವಳು ಬಂದು ನೋಡಿದಳು.

"ಬಲೆ ಕಟ್ಟಬಹುದಾ?" ಎಂದೆ.

"ಉಗುರು ಸಿಕ್ಕಿಕೊಂಡು ನೇತಾಡಿ ಸಾಯ್ತವೆ ಅಕ್ಕ."

"ಔಷಧಿ?"

"ಮರಿಗೆ ತಿನ್ನಿಸೋದು ಅದೇ ಹುಳ ಅಲ್ವಾ?" ಅವಳು ಕಂಬವನ್ನೇ ನೋಡುತ್ತಾ ಹೇಳಿದಳು. "ಆ ಮೊಳೆ ಕಿತ್ತರೆ ಕಂಬ ಅಲ್ಲಾಡ್ತದೆ. ಹೆದರಿ ದೊಡ್ಡವು ಬಿಟ್ಟು ಹೋದ್ರೆ ಮರಿ ಉಳಿಯೋದಿಲ್ಲ. ಇನ್ನು ಎರಡು ವಾರ ಬೇಕು. ನಮ್ಮ ಮನೇಲೂ ಅರೇಬಿಕಾ ಇದೆ, ನಿಮ್ಮ ಸಂಕಟ ನಂಗೆ ಗೊತ್ತಾಗ್ತದೆ. ಕಾನೂನು ಅಂತ ಹೇಳ್ಲಿಕ್ಕೆ ಬರಲಿಲ್ಲ ಇವತ್ತು, ಕೇಳ್ಕೊಳ್ಲಿಕ್ಕೆ ಬಂದಿದ್ದೇನೆ."

ಅವಳು ಹೋದ ಮೇಲೆ ನಮ್ಮವರು ಹೇಳಿದರು: "ಹದಿನಾಲ್ಕು ಕಾಂಡ. ಅರ್ಧ ಗಂಟೆ ಕೆಲ್ಸ. ಯಾರ್ ನೋಡ್ತಾರೆ? ಮೂರ್ ಮರಿಗೋಸ್ಕರ ತೋಟ ಕಳ್ಕೊಳ್ಳೋದಾ?" ನಿಜ ಹೇಳಬೇಕೆಂದರೆ ನನಗೂ ಅದೇ ಸರಿ ಅನ್ನಿಸಿತ್ತು. ಆ ಕಾಂಡಗಳು ಎದುರಿಗೆ ಇರುವಷ್ಟು ದಿನ ನನ್ನ ಸುಳ್ಳೂ ಎದುರಿಗೆ ಇರುತ್ತಿತ್ತು.

ಅತ್ತೆ ಎಲೆಯಡಿಕೆ ಹಾಕಿಕೊಳ್ಳುತ್ತಿದ್ದವರು ಕೈ ನಿಲ್ಲಿಸಿದರು. "ಬಾಣಂತಿ ಇರೋ ಮನೆ ಬಾಗ್ಲು ಯಾರಾದ್ರೂ ಕೀಳ್ತಾರೇನಪ್ಪ? ತಪ್ಪು ಮಾಡಿದ್ದು ನಾವು. ಆ ಮರಿಗೋಳು ಏನ್ ಮಾಡಿದ್ವು? ತೋಟ ನಂದು. ಹೋದ್ರೆ ನಂದ್ ಹೋಯ್ತದೆ. ಇರ್ಲಿ ಬುಡು."

'ನಾವು' ಎಂದರು. 'ಇವಳು' ಎನ್ನಲಿಲ್ಲ. ನಾನು ಅಡುಗೆ ಮನೆಗೆ ಹೋಗಿ, ಸಾರು ಕುದಿಯುವ ಸದ್ದಿನಲ್ಲಿ ಅತ್ತುಬಿಟ್ಟೆ.

ಮಾರನೆಯ ದಿನದಿಂದ ಕಾವಲು ಶುರುವಾಯಿತು. ಈ ದುಂಬಿ ಮೋಡ ಮುಸುಕಿದಾಗ ಹೊರಗೆ ಬರುವುದು ಕಡಿಮೆ, ಬಿಸಿಲು ಏರಿದಾಗಲೇ ಅದರ ಓಡಾಟ. ಹಾಗಾಗಿ ಬೆಳಿಗ್ಗೆ ಹತ್ತರಿಂದ ಮೂರರವರೆಗೆ ಅತ್ತೆ ಅಂಗಳದಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು, ಕಾಂಡಗಳ ಮೇಲೆ ಕಣ್ಣು ನೆಟ್ಟು ಕೂರುತ್ತಿದ್ದರು. ದುಂಬಿ ಕಂಡರೆ ಹಿಡಿಯಲು ಉದ್ದದ ಬಿದಿರಿನ ತುದಿಗೆ ಹಲಸಿನ ಮೇಣ ಹಚ್ಚಿಟ್ಟಿದ್ದರು. ನಾನು ಅಷ್ಟು ಹೊತ್ತೂ ಗಿಡಕ್ಕೆ ಸುಣ್ಣ. ಹತ್ತು ದಿನ ಬಳಿದೆ. ಬೆರಳ ಸಂದು ಬಿರಿದು ಊಟ ಮಾಡುವಾಗ ಸಾರು ತಾಗಿ ಉರಿಯುತ್ತಿತ್ತು. ಸಂಜೆ ಅತ್ತೆ ಕೊಬ್ಬರಿ ಎಣ್ಣೆ ಬಿಸಿ ಮಾಡಿ ತಂದು ನನ್ನ ಕೈಗೆ ಹಚ್ಚುತ್ತಿದ್ದರು. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದರೂ ಅವರು ನನ್ನ ಕೈ ಹಿಡಿದದ್ದು ಧಾರೆಯ ದಿನ ಬಿಟ್ಟರೆ ಆಗಲೇ.

ಒಂದು ಮಧ್ಯಾಹ್ನ ಸುಣ್ಣದ ಬಕೆಟ್ಟು ತುಂಬಿಸಿಕೊಳ್ಳಲು ಮೇಲೆ ಬಂದಿದ್ದೆ. ಅತ್ತೆ ಕೈ ಎತ್ತಿ ನನ್ನನ್ನು ತಡೆದರು. ಬಲಗಡೆಯ ಮೂರನೆಯ ಕಾಂಡದ ಸಣ್ಣ ತೂತಿನಿಂದ ಎರಡು ಮೀಸೆ ಹೊರಗೆ ಬಂದಿದ್ದವು. ನೋಡನೋಡುತ್ತಿದ್ದಂತೆ ಇಡೀ ದುಂಬಿ ಹೊರಬಿತ್ತು. ಕಪ್ಪು ಮೈ, ಬಿಳಿ ಪಟ್ಟೆ. ಕಾಂಡದ ಮೇಲೆ ನಿಂತು ರೆಕ್ಕೆ ಬಿಚ್ಚಿ ಬಿಸಿಲಿಗೆ ಹಿಡಿಯಿತು. ಅತ್ತೆ ಮಂಡಿ ಹಿಡಿದುಕೊಂಡು ಎದ್ದರು, ಬಿದಿರು ಎತ್ತಿಕೊಂಡರು. ನಾನು ಓಡಿದೆ. ನಾವಿಬ್ಬರೂ ತಲುಪುವಷ್ಟರಲ್ಲಿ ಅದು ಹಾರುವುದು ಖಂಡಿತವಾಗಿತ್ತು, ನಲವತ್ತು ಹೆಜ್ಜೆಯ ಆಚೆಗೆ ತೋಟ ಕಾಯುತ್ತಿತ್ತು.

ಅಷ್ಟರಲ್ಲಿ ಮಾಡಿನ ಅಂಚಿನಿಂದ ಬಂಗಾರದ ಬೆನ್ನು ಇಳಿಯಿತು. ಕೆಂಪು ಜುಟ್ಟಿನ ಗಂಡು ಹಕ್ಕಿ ಕಾಂಡಕ್ಕೆ ಕಚ್ಚಿ ನಿಂತು, ಒಂದು ಕ್ಷಣ ನಮ್ಮ ಕಡೆ ಓರೆಯಾಗಿ ನೋಡಿ, ದುಂಬಿಯನ್ನು ಎತ್ತಿಕೊಂಡಿತು. ಎರಡು ಸಲ ಕಾಂಡಕ್ಕೆ ಬಡಿದು, ಹಾಗೇ ನಡುಗಂಬಕ್ಕೆ ಜಿಗಿದು ತೂತಿನೊಳಗೆ ತಲೆ ತೂರಿಸಿತು. ಒಳಗೆ ಮೂರು ಬಾಯಿ ಜಗಳವಾಡುವ ಸದ್ದು ಕೇಳಿಸಿತು.

ಅತ್ತೆ ಕುರ್ಚಿಯಲ್ಲಿ ಕುಸಿದು ಕುಳಿತರು. ಸೆರಗಿನಿಂದ ಮುಖ ಒರೆಸಿಕೊಂಡು, "ನಿನ್ ಹೊಟ್ಟೆ ತಣ್ಣಗಿರ್ಲಿ ಕಣಪ್ಪ" ಎಂದು ಮೇಲಕ್ಕೆ ಕೈ ಮುಗಿದರು. ನಾನೂ ಸುಣ್ಣದ ಕೈಯಲ್ಲೇ ಮುಗಿದೆ. ದೇವಸ್ಥಾನದಲ್ಲಿ ಕೈ ಮುಗಿಯುವಾಗಲೂ ಮನೆಯ ಹಾಲು ಉಕ್ಕೀತು ಎಂದು ಯೋಚಿಸುವವಳು ನಾನು. ಆವತ್ತು ಬೇರೆ ಏನೂ ಯೋಚನೆ ಬರಲಿಲ್ಲ.

ಏಪ್ರಿಲ್ ಇಪ್ಪತ್ತರಂದು ಮೊದಲ ಮರಿ ಹಾರಿತು, ಮಾರನೆಯ ದಿನ ಎರಡನೆಯದು. ಮೂರನೆಯದು ತೂತಿನಿಂದ ತಲೆ ಹಾಕಿ ಲೋಕವನ್ನೆಲ್ಲ ಅನುಮಾನದಿಂದ ನೋಡುತ್ತಾ ಇನ್ನೂ ಎರಡು ದಿನ ತೆಗೆದುಕೊಂಡಿತು. ಜಯಪ್ಪ ಮೂರು ಸಲ ಫೋನ್ ಮಾಡಿದ, ಬೇರೆ ಕಡೆ ಕೆಲಸ ಇದೆ ಎಂದ. "ನಿನಗೆ ಅವಸರ ಇದ್ರೆ ಹೋಗಪ್ಪ, ನಮಗಿಲ್ಲ" ಎಂದುಬಿಟ್ಟೆ. ಅವನಿಗೆ ನನ್ನ ದನಿ ಗುರುತೇ ಸಿಗಲಿಲ್ಲವಂತೆ.

ಗೂಡು ಖಾಲಿಯಾಗಿದೆ ಎಂದು ಮೋನಿಷಾ ಬಂದು ನೋಡಿ ಹೇಳಿದ ಮೇಲೆಯೇ ಹದಿನಾಲ್ಕು ಕಾಂಡ ಕೆಳಗಿಳಿದವು. ಜಯಪ್ಪ ಒಂದೊಂದನ್ನೂ ನಮ್ಮ ಮುಂದೆ ಸೀಳಿದ. ಸುರಂಗಗಳು ಇದ್ದವು, ಹಕ್ಕಿಗಳು ಅವನ್ನು ಹೊರಗಿನಿಂದ ಕುಟ್ಟಿ ತೆರೆದು ಚಮಚದಲ್ಲಿ ಬಳಿದಂತೆ ಖಾಲಿ ಮಾಡಿದ್ದವು. ಎಲ್ಲ ಸೇರಿ ಉಳಿದಿದ್ದದ್ದು ಎರಡು ಹುಳ, ಅವನ್ನು ಬೆಂಕಿಗೆ ಹಾಕಿದೆವು. ಸಿಲ್ವರ್ ಓಕ್ ಕಂಬವನ್ನು ಸುಡಲು ಅತ್ತೆ ಬಿಡಲಿಲ್ಲ. ಅದರಲ್ಲಿ ಕಾಫಿಯ ಹುಳ ಇರುವುದಿಲ್ಲ, ಸುಮ್ಮನೆ ಯಾಕೆ ಎಂದು ತೋಟದ ಹಲಸಿನ ಮರಕ್ಕೆ ನೆಟ್ಟಗೆ ಕಟ್ಟಿಸಿದರು. ಮನೆಯ ಮುಂಭಾಗಕ್ಕೆ ಸಾದಾ ಸಿಮೆಂಟ್ ಶೀಟು ಹೊಡೆಸಿ, ಸಂದುಗಳಿಗೆ ಗಾರೆ ತುಂಬಿಸಿ, ಉಳಿದ ಸುಣ್ಣ ಬಳಿದೆವು. ಮೊದಲ ಮಳೆಗೆ ಒಂದು ಹನಿ ಒಳಗೆ ಬರಲಿಲ್ಲ. ಚೆಂದವೇನೂ ಇಲ್ಲ, ಸರ್ಕಾರಿ ಶಾಲೆಯ ಹಾಗೆ ಕಾಣುತ್ತದೆ.

ಮಳೆ ಹಿಂದೆಗೆದ ಮೇಲೆ, ಸೆಪ್ಟೆಂಬರ್ ಕೊನೆಯಲ್ಲಿ, ಗಿಡ ನೋಡುವ ಕೆಲಸ. ಹುಳ ಸೇರಿದ ಗಿಡದ ತೊಗಟೆಯ ಮೇಲೆ ನರದಂಥ ಉಬ್ಬು ಕಾಣುತ್ತದೆ. ಅತ್ತೆ ಮತ್ತು ನಾನು ನಾಲ್ಕು ದಿನ ಒಂದೊಂದು ಗಿಡಕ್ಕೂ ಕುಕ್ಕರಗಾಲಲ್ಲಿ ಕುಳಿತು ಕೈಯಾಡಿಸಿದೆವು. ಮೊದಲ ಸಾಲಿನ ಒಂದೊಂದು ಗಿಡವನ್ನೂ ಎರಡೆರಡು ಸಲ ಮುಟ್ಟಿ ನೋಡಿದೆ. ಏನೂ ಇಲ್ಲ. ಎರಡನೆಯದರಲ್ಲಿ ಇಲ್ಲ, ಹತ್ತನೆಯದರಲ್ಲೂ ಇಲ್ಲ. ಇಡೀ ತೋಟಕ್ಕೆ ಸಿಕ್ಕಿದ್ದು ಹನ್ನೊಂದು ಗಿಡ, ಎಲ್ಲವೂ ಕೆಳಗಿನ ಬೇಲಿಯ ಹತ್ತಿರ. ನಮ್ಮವರು ಆ ಹನ್ನೊಂದನ್ನು ಕಿತ್ತು ತಂದು ಗುಂಡಿಗೆ ಹಾಕಿ, "ಈ ಬೇಲಿ ಸಾಲಿಗೆ ಅರೇಬಿಕಾ ಸಸೀನೆ ತರ್ತೀನವ್ವ" ಎಂದರು. ಅತ್ತೆ ಅಂದು ಎರಡು ಮುದ್ದೆ ಉಂಡರು.

ಆ ವಾರ ಪಕ್ಕದ ತೋಟದ ಸರೋಜಕ್ಕ ಬಂದರು. ಅವರದು ಎಂಬತ್ತು ಗಿಡ ಹೋಗಿತ್ತು. ನಮ್ಮವರೂ ಜಗಲಿಯಲ್ಲೇ ಇದ್ದರು. ನಾನು ಕಾಫಿ ತಂದೆ.

"ಸಿದ್ದಮ್ಮ, ನೀವು ಏನ್ ಹೊಡೆದ್ರಿ? ನಿಮಗೊಬ್ರಿಗೇ ಹೇಗೆ ಉಳೀತು?"

"ಏನೂ ಹೊಡೀಲಿಲ್ಲ ಸರೋಜ. ನಮ್ ಆಶಾ ಮನೆ ಮುಂದಕ್ಕೆ ಮರಕುಟ್ಗನ್ನ ಕರ್ಸಿದ್ಲು. ಗೂಡು ಕೀಳ್ದಂಗೆ ಕಾಯ್ದ್ಲು. ಗಿಡಕ್ಕೆಲ್ಲ ಕೈ ಬಿರಿಯೋ ಗಂಟ ಸುಣ್ಣ ಬಳುದ್ಲು."

ನಾನು ಲೋಟ ಹಿಡಿದು ನಿಂತೇ ಇದ್ದೆ. ಇನ್ನೊಂದು ಮಾತು ಬರುತ್ತದೆ, ಬರಲೇಬೇಕು ಎಂದು ಕಾದೆ. ಅತ್ತೆ ಕಾಫಿ ಗುಟುಕರಿಸಿ ಲೋಟ ಕೆಳಗಿಟ್ಟರು. ಅಷ್ಟೇ.

ಸರೋಜಕ್ಕನ ಕಣ್ಣು ಅರಳಿತು. "ಹೌದಾ? ಹಾಗಾದ್ರೆ ನಾನೂ ನಾಲ್ಕು ಹುಳದ ಕಾಂಡ ಗೋಡೆಗೆ ಹೊಡೆಸಿಬಿಡ್ತೇನೆ. ಹಕ್ಕಿ ಬರ್ಲಿ."

ಅತ್ತೆ ನನ್ನ ಕಡೆ ನೋಡಲಿಲ್ಲ. ಅಂಗಳದ ಕಡೆಗೆ ನೋಡುತ್ತಾ ಕುಳಿತಿದ್ದರು. ನನ್ನ ಪರವಾಗಿ ಅವರು ಎಲ್ಲಿಯವರೆಗೆ ಬರಬಹುದಿತ್ತೋ ಅಲ್ಲಿಯವರೆಗೆ ಬಂದಿದ್ದರು.

"ಬೇಡ ಸರೋಜಕ್ಕ" ಎಂದೆ. "ನಾನು ಆ ಕಾಂಡಗಳನ್ನ ಮೂರೇ ದಿನ ನೆನೆಸಿದ್ದು. ಹತ್ತು ದಿನ ಅಂತ ಮನೇಲೆಲ್ಲ ಸುಳ್ಳು ಹೇಳ್ದೆ. ಹುಳ ಬದುಕಿತ್ತು. ಹಕ್ಕಿ ಬರದೇ ಇದ್ದಿದ್ರೆ ನಮ್ ತೋಟ ಹೋಗಿರೋದು, ನಿಮ್ದೂ ಹೋಗಿರೋದು. ಹಕ್ಕೀನ ನಾನು ಕರೆಸಿಲ್ಲ. ಅದನ್ನ ಓಡಿಸೋಕೆ ಫೋನ್ ಮಾಡ್ದವಳು ನಾನು. ಉಳಿಸಿದ್ದು ಅದು, ಮತ್ತೆ ಅತ್ತೆ."

ನಮ್ಮವರು ತಟ್ಟನೆ ನನ್ನ ಕಡೆ ತಿರುಗಿದರು. ಸರೋಜಕ್ಕ ನನ್ನನ್ನೂ ಅತ್ತೆಯನ್ನೂ ಬದಲಿಸಿ ಬದಲಿಸಿ ನೋಡಿದರು. ನನ್ನ ಎದೆ ಎಷ್ಟೋ ತಿಂಗಳ ಮೇಲೆ ಹಗುರವಾಗಿತ್ತು.

ಅತ್ತೆ ಜಗಲಿಯ ಮೇಲೆ ಸ್ವಲ್ಪ ಸರಿದು, ತಮ್ಮ ಮಗ್ಗುಲನ್ನು ಅಂಗೈಯಲ್ಲಿ ತಟ್ಟಿದರು. "ನಿಂತ್ಕಂಡೇ ಯಾಕ್ ಕುಡೀತೀಯ ಮಗ? ಬಾ, ಕೂತ್ಕೊ" ಎಂದರು.

ಮದುವೆಯಾಗಿ ಹದಿನಾರು ವರ್ಷಕ್ಕೆ ಅವರು ನನ್ನನ್ನು ಮೊದಲ ಸಲ ಮಗ ಎಂದು ಕರೆದಿದ್ದರು. ನಾನು ಹೋಗಿ ಅವರ ಪಕ್ಕದಲ್ಲಿ ಕುಳಿತುಕೊಂಡು ಕಾಫಿ ಕುಡಿದೆ.